ಎರಡು ಸಮ

ಬನಹಟ್ಟಿ ಲ್ಯಾಬಿನ ಗ್ವಾಡಿ ಆಚೆ ಮಗ್ಗದ ಖಟಪಟ.
ಈಚೆ ಪರದೆ ಮ್ಯಾಲ ಕೇಳಿದೆ:
ಹದಿನೇಳು ಹದಿನೆಂಟಕ್ಕ ಸಮ ಐತೇನು?
ಸುಳ್ಳು, ಅಂತು ಕಂಪ್ಯೂಟರ್.
ಸಿಟ್ಟಿಲ್ಲ, ನಗಿಯಿಲ್ಲ. ಬರೇ ಸುಳ್ಳು.

ನಮ್ಮ ಓಣ್ಯಾಗ ಹಿಂಗ ಯಾರ ಹೇಳ್ಯಾರು?
ಏನ ಕೇಳ್ರಿ, "ಹೌದಲ್ಲ" ಅಂತಾರ;
ಹೌದೂ ಅದರಾಗ, ಅಲ್ಲಾನೂ ಅದರಾಗ.

ಹಿಪ್ಪರಗಿ ಮೇಡಂ ಬೋರ್ಡಿನ ಮ್ಯಾಲ ಬರದಿದ್ದರು:
ಒಂದು ಸಮ ಚಿಹ್ನೆ ಇಟ್ಟರ ತುಂಬಿದಂಗ,
ಹೆಸರು ಬಾಯಿ ಮುಚ್ಚಿ ತಗೊಂತೈತಿ.
ಎರಡು ಇಟ್ಟರ ಕೇಳಿದಂಗ.
ಎರಡನೇದ್ದು ನಾ ಎಷ್ಟು ಸಲ ಮರತೆ!

ಆಯಿತವಾರ ತೇರದಾಳದವರು ನೋಡಾಕ ಬಂದರು.
ಕಾಕಾ ಅಂದ: "ನಮ್ಮ ಕಸ್ತೂರಿಗೆ ಹದಿನೆಂಟು."
ಒಂದ ಸಮ.
ಎರಡನೇದ್ದು ಯಾರೂ ಒತ್ತಲಿಲ್ಲ.
ಅವ್ವ ಚುರುಮುರಿಗೆ ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದಳು,
ಮಗ್ಗ ಬಡಿಯಾಕತ್ತಿದ್ದವು,
ನನ್ನ ಮಾರ್ಕ್ಸ್ ಕಾರ್ಡು ಟ್ರಂಕಿನ ತಳದಾಗ,
ಹಳೇ ಸೀರಿ ಕೆಳಗ, ಹುಟ್ಟಿದ ತಾರೀಖು ಹೊತ್ಕೊಂಡು ಮಲಗಿತ್ತು.

"ಸುಳ್ಳು" ಅಂದೆ,
ನನಗಷ್ಟ ಕೇಳೂವಂಗ.

ಅಷ್ಟರಾಗ ಕರೆಂಟು ಹೋತು.
ಇಡೀ ಓಣಿ ಮಗ್ಗ ಗಪ್ಪಾದವು.
ಮತ್ತೊಮ್ಮೆ ಅಂದೆ, ಕಂಪ್ಯೂಟರಿನಂಗ,
ಸಿಟ್ಟಿಲ್ಲದ.

ಚುರುಮುರಿ ಹಿಡಿದ ಕಾಕಾನ ಮುಷ್ಟಿ
ಬಾಯಿತನಕ ಹೋಗಲಿಲ್ಲ.