ಎಡಕ್ಕ ಹೊಳ್ಳದವ

ಹಗಲೆಲ್ಲ ನನ್ನ ಕೆಲಸ ಬ್ಯಾಡ ಅನ್ನೂದು.
ಉದ್ಯಮಬಾಗದ ಮೂರನೇ ಶೆಡ್ಡಿನ್ಯಾಗ
ವಾಲ್ವಿನ ಬಾಯಿಗೆ ಗೇಜ್ ಇಟ್ಟು ನೋಡತೀನಿ.
ಕೂದಲೆಳಿಯಷ್ಟು ಹೆಚ್ಚಾದರ ಕೆಂಪು ಪೇಂಟು,
ಕಡಿಮಿ ಆದರೂ ಕೆಂಪು ಪೇಂಟು.
ಹದಿನಾಲ್ಕು ವರ್ಷ ಉಗುರಿನ ಸಂದ್ಯಾಗ ಕೂತ ಆ ಕೆಂಪನ್ನ
ಮದರಂಗಿ ಏನ್ರೀ ಅಂತ ಕೇಳಿದವರು ಅದಾರ.

ರಾತ್ರಿ, ಅಡಿಗಿಮನಿ ಕಟ್ಟಿ ಒರಸಿದ ಮ್ಯಾಲೆ,
ತಂಗಿ ಮಗ ಬಿಟ್ಟುಹೋದ ಹಳೇ ಲ್ಯಾಪ್‌ಟಾಪಿನ್ಯಾಗ
ಸಣ್ಣ ಸಣ್ಣ ಆಟ ಬರೀತೀನಿ. ಗೆಲ್ಲಾಕಲ್ಲ.
ಒಂದು ಚುಕ್ಕಿ ನಾ ಹೇಳಿದಂಗ ಜಿಗಿದರ
(ನಮ್ಮನಿಯೊಳಗ ಮತ್ಯಾರೂ ನಾ ಹೇಳಿದಂಗ ಜಿಗಿಯೂದಿಲ್ಲ)
ಅಷ್ಟಕ್ಕ ನಿದ್ದಿ ಬರತೈತಿ.

ಆದರ ಕೀಬೋರ್ಡಿನ ಮ್ಯಾಲಿನ ಆಟ ಆಟ ಅಲ್ಲ.
ಅಂಗೈಯಾಗ ಕೂಡಬೇಕು ಅದು,
ರೊಟ್ಟಿ ಬಡಿಯೂ ಮುಂಚೆ ಹಿಟ್ಟಿನ ಉಂಡಿ ಕೂತಂಗ.
ಬೋನಸ್ಸಿನ್ಯಾಗ ಎರಡು ಸಾವಿರ ತಗದಿಟ್ಟೆ,
ಸಾಸಿವಿ ಡಬ್ಬ್ಯಾಗಲ್ಲ, ಅಲ್ಲಿ ಎಲ್ಲಾರೂ ಹುಡುಕತಾರ,
ಹೊಲಿಗಿ ಮಶೀನಿನ ಖಾನೆಯೊಳಗ.

ಖಡೇಬಜಾರದ ಒಳಗಲ್ಲಿ. ಮುನೀರ್ ಕಿಲ್ಲೇದಾರನ ಅಂಗಡಿ.
ಸತ್ತ ಮೊಬೈಲು, ಇನ್ನೇನು ಸಾಯೂ ಮೊಬೈಲು,
ಗಾಜಿನ ಕೆಳಗ ಮೂರು ಆಟದ ಡಬ್ಬಿ.

ನಿಂಬಿಹಣ್ಣಿನ ಬಣ್ಣದ್ದು ಹೊಚ್ಚ ಹೊಸಾದು.
"ಹತ್ತು ಸಾವಿರ ಆಟ ಅದಾವ್ರಿ ಇದರಾಗ."
ಹತ್ತು ಸಾವಿರದ ಒಂದನೇದು ನಾ ಹಾಕಬಹುದೇನು?
ಅವ ಹೊಳ್ಳಾಮಳ್ಳಾ ಮಾಡಿ ನೋಡಿದ.
ಕಾರ್ಡಿಗೆ ಕಿಂಡಿ ಇಲ್ಲ, ಕೇಬಲ್ ಹಾಕಿದರ ಬರೇ ಚಾರ್ಜು.
ತುಂಬಿದ ಬಸ್ಸು. ಕೈ ಮಾಡಲಿಲ್ಲ.

ಬಾಜೂಕ ಒಂದು ಹಸರು ಬೋರ್ಡು, ಮೈಮ್ಯಾಲೆ ಅಂಗಿ ಇಲ್ಲ,
ಅಂಚೆಚೀಟಿಯಷ್ಟು ಪರದೆ, ಆರನೂರು ರೂಪಾಯಿ.
ಏನ ಬೇಕಾದರೂ ಬರೀಬಹುದು ಅದರಾಗ, ಓದೂದೊಂದ ಬಿಟ್ಟು.
ನಲವತ್ಮೂರರ ಕಣ್ಣು ರೊಕ್ಕ ಕೇಳೂದಿಲ್ಲ,
ದೂರ ಕೇಳತಾವ.

ಉಳಿದದ್ದು ಯಾರೋ ಕೈಯಾಡಿಸಿ ಮಾರಿದ್ದು,
ಬೆನ್ನಿನ ಮ್ಯಾಲೆ ಬ್ಲೇಡಿನಿಂದ ಕೆತ್ತಿದ ಹೆಸರು: ಸೂರಜ್.
ಮನಿಯಿಂದ ತಂದ ಕಾರ್ಡು ತುರುಕಿದೆ.
ನನ್ನ ಚುಕ್ಕಿ ಎದ್ದು ನಿಂತಿತು, ಪರಊರಾಗ ಇಳದ ಪಾರಿನಂಗ.
ಮ್ಯಾಲೆ ಒತ್ತಿದೆ, ಜಿಗೀತು.
ಬಲಕ್ಕ ಒತ್ತಿದೆ, ಹೋತು.
ಎಡಕ್ಕ.
ಎಡಕ್ಕ.
ಮುನೀರ್ ಕೆಮ್ಮಿದ.
"ಅದೊಂದ್ ಗುಂಡಿ ಸತ್ತೈತ್ರಿ ಅಕ್ಕಾರ, ಸುಳ್ಳ್ ಹೇಳಂಗಿಲ್ಲ.
ಬಿಡಿಭಾಗ ಸಿಗೂದಿಲ್ಲ. ಹದಿನೆಂಟನೂರು ಕೊಡ್ರಿ."

ಬಲಗೈ ತಾನಾಗೇ ಗಾಳ್ಯಾಗ
ಪೇಂಟಿನ ಬ್ರಶ್ ಹುಡುಕಿತು.

ಹೊರಗ ಒಬ್ಬ ಪೊಲೀಸ ಸ್ಕೂಟರಿನವಗ ಒದರತಿದ್ದ:
"ಏ, ಎಡಕ್ಕ ಹೊಳ್ಳಬ್ಯಾಡ, ಒನ್‌ವೇ ಐತಿ!
ಮುಂದ ಹೋಗಿ ಸುತ್ತ ಹೊಡದ್ ಬಾ!"

ಅಂಗಡಿಯ ರಸೀದಿ ಹಿಂದ ಚೌಕಳಿ ಎಳದೆ,
ಅಡ್ಡ ಎಂಟು, ಉದ್ದ ಎಂಟು,
ನಮ್ಮ ಶೆಡ್ಡಿಗೆ ಚಹಾ ತರೂ ಪರಶ್ಯಾನ್ನ ಅದರಾಗ ನಿಲ್ಲಿಸಿದೆ.
ತಲಿಗೆ ನಾಕು ಚೌಕ, ಕೆಟಲಿಗೆ ಮೂರು,
ಹಬಿಗೆ ಒಂದು, ಅದೂ ಮಿಣಕತೈತಿ.
ಬರೇ ಬಲಕ್ಕ ನಡೀತಾನ ಪರಶ್ಯಾ.
ಒಂದು ಶೆಡ್ಡು ತಪ್ಪಿದರ ಹಿಂದ ಬರಾಕಿಲ್ಲ,
ಬಲಗಡಿ ಅಂಚು ದಾಟಿ ಮಾಯ ಆಗಿ
ಎಡಗಡಿಯಿಂದ ಮತ್ತ ಒಳಗ ಬರಬೇಕು,
ಅಷ್ಟರಾಗ ಚಹಾ ಆರತೈತಿ, ಫೋರ್‌ಮನ್ ಬೈತಾನ.
ಒಂದ ಸಾಲು ಸಾಕು ಅದಕ್ಕ:
ಅಂಚು ದಾಟಿದರ ಸೊನ್ನಿ.

"ಹದಿನಾರನೂರಾ ಐವತ್ತು," ಅಂದೆ.
ಮುನೀರ್ ರೊಕ್ಕ ಎರಡು ಸರತಿ ಎಣಿಸಿದ.
"ಚಲೋದ್ ಬಿಟ್ಟು ಕೆಟ್ಟದ್ದ ಒಯ್ಯಾಕತ್ತೀರಲ್ಲ?"
ಏನ ಹೇಳಲಿ? ಹಂಗ ಬ್ಯಾಗಿನ್ಯಾಗ ಹಾಕಿಕೊಂಡೆ,
ಸೂರಜ್ ಅನ್ನೂ ಹೆಸರು ಬೆರಳಿಗೆ ಹತ್ತತಿತ್ತು.

ಹನ್ನೆರಡು ರಾತ್ರಿ ಹಿಡೀತು.
ಸೋಮವಾರ ಚಹಾದ ಹೊತ್ತಿಗೆ ಪರಶ್ಯಾನ್ನ ಕರದು ತೋರಿಸಿದೆ.
ಅವ ಕೆಟಲಿ ಕೆಳಗ ಇಟ್ಟು, ಬೆರಳು ಅಂಗಿಗೆ ಒರಸಿ,
ತನ್ನನ್ನ ತಾನು ನಡಿಸಿದ, ಐದು ಶೆಡ್ಡಿನ ತನಕ.
ನಗಲಿಲ್ಲ.
"ಎಲ್ಲಾ ಬರೋಬರಿ ಐತ್ರಿ ಬಾಯಾರ.
ಆದರ ನಾ ಕೆಟಲಿ ಎಡಗೈಯಾಗ ಹಿಡೀತೀನಿ."

ಗೇಜ್ ತಳಗಿಟ್ಟು
ಮೂರು ಚೌಕ ಅಳಿಸಿದೆ.