ಹೊರಗಿದ್ದ ದಿನಗಳು

ಫಾರಮ್ಮು ಕೇಳುತ್ತದೆ:
ಕಳೆದ ಐದು ವರ್ಷದಲ್ಲಿ ಎಷ್ಟು ದಿನ ಹೊರಗಿದ್ದಿರಿ?
ಹೋದ ತಾರೀಖು, ಬಂದ ತಾರೀಖು, ಕಾರಣ.

ಹಡರ್ಸ್‌ಫೀಲ್ಡಿನ ಅಡಿಗೆಮನೆ, ರಾತ್ರಿ ಹತ್ತೂವರೆ.
ಬಾಯ್ಲರು ಕೆಮ್ಮಿ ಸುಮ್ಮನಾಗಿದೆ.
ಬೋರ್ಡಿಂಗ್ ಪಾಸುಗಳನ್ನು ಮೇಜಿನ ಮೇಲೆ
ಇಸ್ಪೀಟಿನ ಹಾಗೆ ಹರವಿಕೊಂಡು ಕೂತಿದ್ದೇನೆ,
ಒಬ್ಬ ರಾಜನೂ ನನ್ನ ಕೈಗೆ ಬಿದ್ದಿಲ್ಲ.

ಹೊರಗೆ ಅಂದರೆ ನಮ್ಮ ಬೆಟಗೇರಿಯಲ್ಲಿ ಬೇರೆಯೇ ಅರ್ಥ.
ಆಯಿ ಕೂಗುತ್ತಿದ್ದಳು, ಮಗ್ಗದ ಸದ್ದಿಗೂ ಮೇಲೆ:
"ಅಕಿನ್ನ ಮುಟ್ಟಬ್ಯಾಡ್ರಿ, ಹೊರಗ ಕುಂತಾಳ!"
ಓಣಿಗೆಲ್ಲ ಗೊತ್ತಾಗುತ್ತಿತ್ತು.
ಹಿತ್ತಲ ಬಾಗಿಲ ಹಿಂದೆ ಇದ್ದಿಲಿನ ಗೆರೆ,
ಒಂದು, ಎರಡು, ಮೂರು.
ನಾಕನೇ ದಿನ ತಲೆಮೇಲೆ ನೀರು, ಗೆರೆಯ ಮೇಲೆ ಹಸಿಬಟ್ಟೆ,
ಬಾ ಅಂದರೆ ಒಳಗೆ.
ಅರ್ಜಿ ಇಲ್ಲ, ಶುಲ್ಕ ಇಲ್ಲ.
ಆದರೂ ಆ ಮೂರು ದಿನ
ನನ್ನ ತಟ್ಟೆ ಬೇರೆ, ಚಾಪೆ ಬೇರೆ,
ಮಾತಾಡಿಸುವವರ ದನಿ ಸಹ ಒಂದು ಮಾರು ದೂರ.

ಇಲ್ಲಿನ ಲೆಕ್ಕ ನೂರಾ ಎಂಬತ್ತು.
ಯಾವ ಹನ್ನೆರಡು ತಿಂಗಳು ಹಿಡಿದು ಅಳೆದರೂ
ಅದಕ್ಕಿಂತ ಒಂದು ದಿನ ಹೆಚ್ಚಬಾರದು.
ಹೆಚ್ಚಿದರೆ ನೇಯ್ದದ್ದೆಲ್ಲ ಬಿಚ್ಚಿ ಮೊದಲಿಂದ.

ನಾನು ಅವಲಂಬಿ. ಹಾಗಂತ ಬರೆದಿದೆ.
ಕೆಲಸಕ್ಕೆ ರಾಮಲಿಂಗನ ವೀಸಾ, ಅವನ ವೀಸಾಕ್ಕೆ ನಾನು,
ಲಂಗಕ್ಕೆ ಹಚ್ಚಿದ ಅಂಚಿನ ಹಾಗೆ.
ಅವನ ಲೆಕ್ಕ ಐದು ನಿಮಿಷದಲ್ಲಿ ಮುಗಿಯಿತು, ನಲವತ್ತೊಂದು ದಿನ.
ಮೇಲಿನ ಕೋಣೆಯಿಂದ ಗೊರಕೆ ಕೇಳುತ್ತಿದೆ.

ನನ್ನದು:
ಏಪ್ರಿಲ್ ಎರಡಕ್ಕೆ ಹೋದೆ, ತಂಗಿ ಶಾಕಂಬರಿಯ ಮದುವೆ.
ಇದ್ದದ್ದು ಹದಿನೈದು ದಿನದ ರಜೆ.
ಚಪ್ಪರ ಬಿಚ್ಚುವಷ್ಟರಲ್ಲಿ ದೇಶಕ್ಕೆ ದೇಶವೇ ಕೆಂಪು ಪಟ್ಟಿಗೆ ಬಿತ್ತು.
ಬರಬಹುದಿತ್ತು. ಏರ್‌ಪೋರ್ಟಿನ ಪಕ್ಕದ ಹೋಟೆಲಿನಲ್ಲಿ
ಹತ್ತು ದಿನ ಹೊರಗೆ ಕೂರಬೇಕು, ನಮ್ಮದೇ ಖರ್ಚಿನಲ್ಲಿ.
ಆಯಿ ಇದ್ದಿದ್ದರೆ ನಗುತ್ತಿದ್ದಳು.
ಅಷ್ಟು ದುಡ್ಡಿರಲಿಲ್ಲ. ಆಗಸ್ಟ್ ಒಂಬತ್ತಕ್ಕೆ ಬಂದೆ.
ನೂರಾ ಇಪ್ಪತ್ತೆಂಟು.

ಮತ್ತೆ ಜನವರಿ ಇಪ್ಪತ್ತು. ಶಾಕಂಬರಿಗೆ ದಿನ ತುಂಬಿತ್ತು.
ಡಾಕ್ಟರು ಹೇಳಿದ ತಾರೀಖಿಗೆ ಕೂಸು ಬರಲಿಲ್ಲ,
ಅದಕ್ಕೇನು ಗೊತ್ತು ನಿಯಮ.
ಒಂದು ವಾರ ಕಾಯಿಸಿತು, ಅದೂ ನನ್ನ ಖಾತೆಗೆ.
ಪುರುಡಿನ ಹನ್ನೊಂದು ದಿನ, ಎಣ್ಣೆ, ಬಿಸಿನೀರು, ಅಜವಾನದ ಹೊಗೆ,
ತೊಟ್ಟಿಲಿಗೆ ಹಾಕಿ ಹೆಸರು ಕೂಗಿ,
ಮಾರ್ಚ್ ಹದಿನಾಲ್ಕಕ್ಕೆ ಮ್ಯಾಂಚೆಸ್ಟರಿನಲ್ಲಿ ಇಳಿದಾಗ
ರಾತ್ರಿ ಹನ್ನೊಂದು ನಲವತ್ತು.
ಐವತ್ತೆರಡು.

ಬೆರಳಲ್ಲಿ ಕೂಡಿಸಿದೆ, ಫೋನಿನಲ್ಲಿ ಕೂಡಿಸಿದೆ,
ಹಳೇ ಕ್ಯಾಲೆಂಡರು ತೆಗೆದು ಮನೆಮನೆಗೂ ಪೆನ್ಸಿಲ್ ಗೆರೆ ಎಳೆದು ಕೂಡಿಸಿದೆ.
ಸರಿಯಾಗಿ ನೂರಾ ಎಂಬತ್ತು.
ದೋಹಾದಲ್ಲಿ ಯಾರೋ ಪುಣ್ಯಾತ್ಮ
ಇನ್ನೊಂದು ಇಪ್ಪತ್ತು ನಿಮಿಷ ತನ್ನ ಬ್ಯಾಗು ಹುಡುಕಿದ್ದರೆ
ನಾನು ಹೊರಗಿನವಳು.

ಉಳಿಸಿದ್ದು ನಿಯಮದ ಒಂದು ಸಾಲು:
ಹೊರಟ ದಿನ, ಬಂದಿಳಿದ ದಿನ ಲೆಕ್ಕಕ್ಕಿಲ್ಲ.

ದಾನುತಾಳ ಅಂಗಡಿಯಲ್ಲಿ ಆಲ್ಟ್ರೇಶನ್ ಮಾಡುವವಳು ನಾನು.
(ಪೋಲೆಂಡಿನವಳು. ಮೊದಲು ಎಣಿಸುತ್ತಿರಲಿಲ್ಲ, ಈಗ ನಾವೂ ಎಣಿಸುತ್ತೇವೆ ಅನ್ನುತ್ತಾಳೆ.)
ಲೆಕ್ಕಕ್ಕಿಲ್ಲದ ಬಟ್ಟೆ ನನಗೆ ಗೊತ್ತು,
ಹೊಲಿಗೆಯಾಚೆ ಒಳಗೆ ಮಡಚಿಟ್ಟ ಅರ್ಧ ಇಂಚು.
ತೊಟ್ಟವರಿಗೆ ಕಾಣದು.
ಮೈ ತುಂಬಿದಾಗ ಬಿಚ್ಚಿ ಬಿಡುವುದು ಅದನ್ನೇ.

ಆ ಹದಿನಾಲ್ಕರೊಳಗೆ ಮಡಚಿಕೊಂಡದ್ದು:
ಬೆಳಗಿನ ನಾಲ್ಕಕ್ಕೆ, ಕತ್ತಲಲ್ಲಿ,
ಕೂಸಿನ ಮುಷ್ಟಿಯಿಂದ ಒಂದೊಂದೇ ಬೆರಳು ಬಿಡಿಸಿ
ತೆಗೆದುಕೊಂಡ ನನ್ನ ಸೆರಗು.
ರಾಣೆಬೆನ್ನೂರು ದಾಟುವಾಗ ಬೆಳಕು.
ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಯಾರೂ ಮಾತಾಡಲಿಲ್ಲ.
ಆಮೇಲೆ ಗಾಜಿನ ಹಿಂದಿನ ಹುಡುಗ ನನ್ನ ಮುಖ ನೋಡಿ
ವೆಲ್‌ಕಂ ಬ್ಯಾಕ್ ಅಂದ,
ನಾನು ಗಡಿಯಾರ ನೋಡುತ್ತಿದ್ದೆ.

ಕಾರಣ ಅನ್ನುವ ಖಾನೆಯಲ್ಲಿ
ಕೌಟುಂಬಿಕ ಎಂದು ತುಂಬುತ್ತೇನೆ. ಎರಡೂ ಸಲ.
ಕಾರ್ಡಿನ ನಂಬರು ನಾಳೆ ರಾಮಲಿಂಗನನ್ನು ಕೇಳಬೇಕು.

ಎದ್ದು ಹಸಿಬಟ್ಟೆ ತಂದು
ಕ್ಯಾಲೆಂಡರಿನ ಗೆರೆ ಒರೆಸುತ್ತೇನೆ.
ಕಾಗದ ಏಳುತ್ತದೆ.
ಪೆನ್ಸಿಲ್ಲು ಇದ್ದಿಲಲ್ಲ, ನೀರಿಗೆ ಹೋಗುವುದಿಲ್ಲ.