ಹಿಟ್ಟು ಉಬ್ಬುವ ಹೊತ್ತು

ಚನ್ನರಾಯಪಟ್ಟಣ, ಬೇಕರಿಯ ಹಿಂದಿನ ಕೋಣೆ.
ಹಿಟ್ಟು ಉಬ್ಬಲು ನಲವತ್ತು ನಿಮಿಷ;
ಅಷ್ಟರಲ್ಲಿ ನಾನು ಏಳು ಸಲ ಸಾಯಬಹುದು.

ಕೊಂಬಿನ ರಾಣಿ ಗದೆ ಎತ್ತಿ ತಡೆಯುತ್ತಾಳೆ,
ಒಂದು ಉಸಿರು ಹೆಚ್ಚೇ.
ಆ ಉಸಿರಲ್ಲೇ ಅವಸರಪಟ್ಟು ಉರುಳಿ
ಉರುಳಿದಲ್ಲೇ ಸತ್ತಿದ್ದೇನೆ, ಅರವತ್ತೆರಡು ಸಲ.

"ನನ್ನ ಕರಿಯೋ, ಇಬ್ಬರೂ ಸೇರಿ ಕೆಡವೋಣ" ಅಂದ ಇಮ್ತಿಯಾಜ್.
ಬೇಡ ಅಂದೆ. ಯಾಕೆ ಅಂದರೆ ಗೊತ್ತಿಲ್ಲ.
ಒಲೆಯೊಳಗೆ ಕೈ ಹಾಕುವಾಗಲೂ
ಯಾರನ್ನೂ ಕರೆಯುವವನಲ್ಲ ನಾನು.

ಇವತ್ತು ಬೆರಳಿಗೆ ಡಾಲ್ಡಾ, ಗುಂಡಿ ಜಾರುತ್ತಿತ್ತು.
ಮದ್ದು ಮುಗಿದು, ಜೀವ ಒಂದು ಕೆಂಪು ಎಳೆ.
ಗದೆ ಎತ್ತಿದಳು.
ಹಿಟ್ಟು ನೋಡುವ ಹಾಗೆ ನೋಡಿದೆ ಅವಳ ಭುಜ:
ಇನ್ನೂ ಇಲ್ಲ.
ಇನ್ನೂ ಇಲ್ಲ.
ಈಗ.

ಬಿದ್ದಳೆಂದು ಮೊದಲು ನಂಬಲಿಲ್ಲ.
ಪರದೆ ತುಂಬ ಬೂದಿ, ಚಿನ್ನದ ಅಕ್ಷರ.
ಕೂಗಬೇಕು, ಆದರೆ ಮಾಲೀಕರು ಮಹಡಿ ಮೇಲೆ ಮಲಗಿದ್ದಾರೆ.
ಬಾಯಿಗೆ ಟವೆಲ್ಲು ತುರುಕಿಕೊಂಡು
ಮೈದಾ ಚೀಲಗಳ ನಡುವೆ ಕುಣಿದೆ.

ಅತ್ತ ಹಿಟ್ಟು ಬೋಗುಣಿಯಂಚು ದಾಟಿ
ನೆಲಕ್ಕೆ ಇಳಿದಿತ್ತು.

ನುಗ್ಗೇಹಳ್ಳಿಯ ಮೊದಲ ಬಸ್ಸಿನ ಕಂಡಕ್ಟರು
ಬನ್ನು ಕಚ್ಚಿ, "ಏನಪ್ಪ, ಇವತ್ತು ಹುಳಿ?" ಅಂದ.
ನಗುತ್ತಾ ಇನ್ನೊಂದು ಕೊಟ್ಟೆ, ಕಾಸು ತಗೊಳ್ಳದೆ.